ಪಾತ್ರದ ಬಲ, ವ್ಯಕ್ತಿಯ ಒಲವು

1974ನೇ ಇಸವಿಯಲ್ಲಿ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ಸಂಗತಿಗಳು ಜರುಗಿದವು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ನದಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡು, ಹಳೆಯ ಕಾಕನಕೋಟೆಯ ಕಾಡಿನ ಒಂದು ಪಾಲು ನೀರಿನಡಿ ಸೇರಿತು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೊಸ ಬಗೆಯ ಆಟವೊಂದು ಮೂರು ಕಿರುಪುಸ್ತಕಗಳ ರೂಪದಲ್ಲಿ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಕಾಕನಕೋಟೆಯ ಹಾಡಿಗಳಲ್ಲಿದ್ದವರು ಈ ಆಟದ ಹೆಸರನ್ನು ಕೇಳಿರಲಿಕ್ಕಿಲ್ಲ. ಆಟ ರಚಿಸಿದವರಿಗೆ ಕಾಕನಕೋಟೆ ಎಲ್ಲಿದೆಯೆಂದು ತಿಳಿದಿರಲಿಕ್ಕೂ ಇಲ್ಲ. ಆದರೂ ಆ ಆಟವನ್ನಾಡುವವರನ್ನು ಐವತ್ತು ವರ್ಷಗಳಿಂದ ಕಾಡುತ್ತಿರುವ ಒಂದು ಪ್ರಶ್ನೆಯು ಕಾಕನಕೋಟೆಯ ಇತಿಹಾಸವನ್ನು ಓದಲು ನಮಗೆ ನೆರವಾಗುತ್ತದೆ. ಒಂದು ವರ್ಗಕ್ಕೆ ಸೇರಿದ ಮಾತ್ರಕ್ಕೆ ದೊರೆಯುವ ಶಕ್ತಿಯು ಆ ವ್ಯಕ್ತಿಯ ಸ್ವಭಾವಕ್ಕೆ ಒಗ್ಗದಿದ್ದರೆ ಏನು ಮಾಡಬೇಕು? ಇದೇ ಆ ಪ್ರಶ್ನೆ.

ಕಾಯಿಗೆ ಮನಸ್ಸಿಲ್ಲ, ಪಾತ್ರಕ್ಕೆ ಇದೆ

ನಮ್ಮ ಹಳ್ಳಿಯ ಜಗಲಿಗಳ ಮೇಲೆ ಆಡುತ್ತಿದ್ದ ಹುಲಿ-ಕುರಿ ಆಟವನ್ನು ಹಿರಿಯರು ಬಲ್ಲರು. ಹುಲಿಗೆ ಕುರಿಯ ಮೇಲೆ ಹಾರಿ ಅದನ್ನು ಹೊಡೆಯುವ ಬಲವುಂಟು. ಕುರಿಗೆ ಆ ಬಲವಿಲ್ಲ. ಅನೇಕ ಕುರಿಗಳು ಕೂಡಿ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕಬಹುದು, ಅಷ್ಟೆ. ಚದುರಂಗದಲ್ಲಿಯೂ ಹಾಗೆಯೇ. ಆನೆ ನೇರವಾಗಿ ನಡೆಯುತ್ತದೆ, ಒಂಟೆ ಓರೆಯಾಗಿ ಸಾಗುತ್ತದೆ. ನಾವು ಒಂಟೆಯೆನ್ನುವ ಅದೇ ಕಾಯಿಯನ್ನು ಇಂಗ್ಲಿಷರು ಧರ್ಮಾಧ್ಯಕ್ಷನೆಂದು ಕರೆಯುತ್ತಾರೆ. ಹೆಸರು ಬದಲಾದರೂ ನಡೆ ಬದಲಾಗುವುದಿಲ್ಲ. ಈ ಹುಲಿ ಅಂಜುಬುರುಕನಾಗಿದ್ದರೆ, ಈ ಆನೆಗೆ ಯುದ್ಧವೇ ಬೇಡವಾಗಿದ್ದರೆ ಎಂದು ಯಾರೂ ಕೇಳುವುದಿಲ್ಲ. ಕಾಯಿಗೆ ನಡೆಯುಂಟು, ಮನಸ್ಸಿಲ್ಲ.

1974ರ ಆ ಹೊಸ ಆಟದಲ್ಲಿ ಕಾಯಿಯ ಸ್ಥಾನದಲ್ಲಿ ಒಬ್ಬ ಮನುಷ್ಯನಿರುತ್ತಾನೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಪ್ರತಿಯೊಬ್ಬರೂ ಒಂದೊಂದು ಕಾಲ್ಪನಿಕ ಪಾತ್ರವನ್ನು ವಹಿಸಿಕೊಂಡು, ಮಾತಿನ ಮೂಲಕವೇ ಒಂದು ಸಾಹಸಕಥೆಯನ್ನು ಮುಂದುವರಿಸುತ್ತಾರೆ. ಒಬ್ಬ ನಿರ್ವಾಹಕನು ಕಥೆಯ ಲೋಕವನ್ನು ವರ್ಣಿಸುತ್ತಾನೆ. ಸಂದೇಹ ಬಂದಲ್ಲಿ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಬೆಂಗಳೂರಿನಂಥ ನಗರಗಳಲ್ಲಿ ಇಂದು ಅನೇಕ ವಿದ್ಯಾರ್ಥಿಗಳೂ ಉದ್ಯೋಗಸ್ಥರೂ ಇದನ್ನಾಡುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ಗುಂಪುಗಳು ಈ ಆಟದಲ್ಲಿ ಮಾಟಮಂತ್ರವಿದೆಯೆಂದು ಹೆದರಿ ದೊಡ್ಡ ಗದ್ದಲವನ್ನೇ ಎಬ್ಬಿಸಿದ್ದವು. ಆ ಚರ್ಚೆ ಇಲ್ಲಿ ನಮಗೆ ಬೇಕಿಲ್ಲ. ನಮ್ಮ ಗಮನವಿರುವುದು ಆಟದ ‘ವರ್ಗ’ ಎಂಬ ವ್ಯವಸ್ಥೆಯ ಮೇಲೆ.

ಆಡುವವನು ಮೊದಲು ತನ್ನ ಪಾತ್ರಕ್ಕೆ ಒಂದು ವರ್ಗವನ್ನು ಆರಿಸಿಕೊಳ್ಳಬೇಕು. 1974ರ ಮೊದಲ ಪುಸ್ತಕಗಳಲ್ಲಿ ಇದ್ದದ್ದು ಮೂರೇ ವರ್ಗಗಳು: ಯೋಧ, ಮಾಂತ್ರಿಕ ಮತ್ತು ಧರ್ಮಗುರು. ಮರುವರ್ಷ ಕಳ್ಳ, ಧರ್ಮವೀರ, ಸನ್ಯಾಸಿ ಎಂಬ ವರ್ಗಗಳು ಸೇರಿದವು. ವರ್ಗವನ್ನು ಆರಿಸಿದೊಡನೆ ಅದಕ್ಕೆ ಸಲ್ಲುವ ಶಕ್ತಿಗಳೂ ನಿರ್ಬಂಧಗಳೂ ತಾವಾಗಿಯೇ ಬಂದು ಸೇರುತ್ತವೆ. ತೊಡಕು ಆರಂಭವಾಗುವುದು ಇಲ್ಲಿಯೇ. ಒಬ್ಬ ಹುಡುಗಿಯು ಅಸ್ಸಿಸಿಯ ಸಂತ ಫ್ರಾನ್ಸಿಸರಂತೆ ಭಿಕ್ಷೆಯೆತ್ತಿ, ಕುಷ್ಠರೋಗಿಗಳ ಸೇವೆ ಮಾಡುವ ಸನ್ಯಾಸಿಯ ಪಾತ್ರವನ್ನು ಕಲ್ಪಿಸಿಕೊಂಡಳೆನ್ನೋಣ. ಆಟದ ‘ಸನ್ಯಾಸಿ’ ವರ್ಗವಾದರೋ ಪೂರ್ವದೇಶಗಳ ಮಲ್ಲಯುದ್ಧದ ಕಥೆಗಳಿಂದ ಎತ್ತಿಕೊಂಡದ್ದು. ಅವಳ ಸನ್ಯಾಸಿಗೆ ದೊರೆಯುವುದು ಬರಿಗೈಯಿಂದ ಹೊಡೆದು ಕೆಡಹುವ ಬಲ. ಅವಳು ಕಲ್ಪಿಸಿದ ವ್ಯಕ್ತಿಯೇ ಒಬ್ಬ, ಪುಸ್ತಕವು ಕೊಟ್ಟ ಬಲವುಳ್ಳವನೇ ಇನ್ನೊಬ್ಬ.

ಗದೆ ಹಿಡಿದ ಧರ್ಮಾಧ್ಯಕ್ಷ

ಈ ಘರ್ಷಣೆಗೆ ಮೂಲವೆಲ್ಲಿ ಎಂದು ಹುಡುಕಿದರೆ ನಮ್ಮ ಧರ್ಮಸಭೆಯ ಇತಿಹಾಸದ ಒಂದು ಪುಟವೇ ಎದುರಾಗುತ್ತದೆ. ಆಟದ ಮೊದಲ ನಿಯಮಗಳಲ್ಲಿ ಧರ್ಮಗುರು ವರ್ಗದವನು ಯುದ್ಧಕವಚ ತೊಡಬಹುದಾಗಿತ್ತು. ಆದರೆ ಹರಿತವಾದ ಆಯುಧವನ್ನು ಹಿಡಿಯುವಂತಿರಲಿಲ್ಲ. ಕತ್ತಿ, ಬಾಣ ನಿಷಿದ್ಧ. ಗದೆ, ದೊಣ್ಣೆ ಸಮ್ಮತ. ಗುರುವಾದವನು ರಕ್ತ ಹರಿಸಬಾರದೆಂಬ ಭಾವನೆ ಇದರ ಹಿಂದಿದೆ. ಗದೆಯ ಪೆಟ್ಟಿಗೆ ರಕ್ತ ಹರಿಯುವುದಿಲ್ಲವೇ ಎಂದು ಕೇಳಬೇಡಿ. ನಿಯಮವು ಅಷ್ಟು ದೂರ ಯೋಚಿಸಲಿಲ್ಲ.

ಈ ಚಿತ್ರವು ಬಂದದ್ದು ಬಹುಮಟ್ಟಿಗೆ ಬಾಯೆ ನಗರದ ಧರ್ಮಾಧ್ಯಕ್ಷ ಓಡೋ ಎಂಬಾತನಿಂದ. ಇಂಗ್ಲೆಂಡನ್ನು ಗೆದ್ದ ನಾರ್ಮಂಡಿಯ ವಿಲಿಯಮನಿಗೆ ಈತ ತಾಯಿಯ ಕಡೆಯಿಂದ ಸಹೋದರ. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸುವ, ಸುಮಾರು 70 ಮೀಟರ್ ಉದ್ದದ ಬಾಯೆಯ ಕಸೂತಿ ಬಟ್ಟೆಯಲ್ಲಿ ಓಡೋ ಕುದುರೆಯೇರಿ, ಕೈಯಲ್ಲಿ ದೊಣ್ಣೆ ಹಿಡಿದು, ಹಿಂಜರಿಯುತ್ತಿದ್ದ ತರುಣರನ್ನು ಹುರಿದುಂಬಿಸುತ್ತಿದ್ದಾನೆ. ಗುರುವಾದ್ದರಿಂದಲೇ ಆತ ಕತ್ತಿ ಬಿಟ್ಟು ದೊಣ್ಣೆ ಹಿಡಿದನೆಂದು ನಂತರದವರು ಅರ್ಥ ಮಾಡಿದರು. ಆ ದೊಣ್ಣೆ ಅಧಿಕಾರದ ಗುರುತಾಗಿರಬಹುದೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ವಿಲಿಯಮನೂ ಅದೇ ಬಟ್ಟೆಯಲ್ಲಿ ದಂಡ ಹಿಡಿದು ಕಾಣಿಸಿಕೊಳ್ಳುತ್ತಾನಷ್ಟೆ! ಅವನೇನೂ ಗುರುವಲ್ಲ.

ಧರ್ಮಸಭೆಯ ನಿಯಮವಾದರೋ ಬೇರೆಯೇ ಆಗಿತ್ತು. 1215ರಲ್ಲಿ ರೋಮಿನಲ್ಲಿ ಕೂಡಿದ ನಾಲ್ಕನೆಯ ಲಾತೆರಾನ್ ಮಹಾಸಭೆಯು ಗುರುಗಳು ಮರಣದಂಡನೆ ವಿಧಿಸಬಾರದು, ಅದನ್ನು ನೆರವೇರಿಸಬಾರದು, ಕೂಲಿ ಸೈನಿಕರ ನಾಯಕತ್ವ ವಹಿಸಬಾರದು, ಶರೀರವನ್ನು ಕೊಯ್ದು ಸುಟ್ಟು ಮಾಡುವ ಶಸ್ತ್ರಚಿಕಿತ್ಸೆಯಲ್ಲಿಯೂ ತೊಡಗಬಾರದು ಎಂದು ವಿಧಿಸಿತು. ರಕ್ತದಿಂದ ದೂರವಿರಿ ಎಂಬುದು ಅದರ ಸಾರ. ಕತ್ತಿಗೆ ಬದಲು ಗದೆ ಹಿಡಿಯಿರಿ ಎಂದು ಅದು ಹೇಳಲಿಲ್ಲ. ದೂರದಿಂದ ಕಂಡ ಒಂದು ಚಿತ್ರ, ಅದರ ಮೇಲೆ ಕಟ್ಟಿದ ಒಂದು ಊಹೆ, ಊಹೆಯಿಂದ ಒಂದು ನಿಯಮ, ನಿಯಮದಿಂದ ಒಂದು ವರ್ಗ. ಗಾಯಗೊಂಡವರನ್ನು ಸಂತೈಸುವ ಬಡ ಗುರುವಿನ ಪಾತ್ರ ವಹಿಸಬಯಸಿದವನ ಕೈಗೆ ಹೀಗೆ ಗದೆ ಬಂದು ಬಿದ್ದಿತು.

ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡೋಣ. ವರ್ಗದ ಚಿತ್ರವನ್ನು ಬರೆದವರು ಆ ವರ್ಗಕ್ಕೆ ಸೇರಿದವರಾಗಿರಲಿಲ್ಲ. ಹೊರಗಿನವರು ಬರೆದ ಚಿತ್ರದೊಳಗೆ ಒಳಗಿನ ಮನುಷ್ಯನು ಹಿಡಿಸದೇ ಹೋದಾಗ ಘರ್ಷಣೆ ಹುಟ್ಟುತ್ತದೆ. ಆಟದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಇದೇ ಕ್ರಮವನ್ನು ಸರ್ಕಾರಗಳೂ ಪುಸ್ತಕಗಳೂ ಜೀವಂತ ಜನರ ಮೇಲೆ ಪ್ರಯೋಗಿಸಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಕನಕೋಟೆಯೇ ಸಾಕ್ಷಿ.

ಹೆಜ್ಜೆ ಹಿಡಿಯುವವರು

ಕಬಿನಿಯ ದಡದ ಕಾಕನಕೋಟೆ ಕಾಡು ಜೇನುಕುರುಬರ, ಬೆಟ್ಟಕುರುಬರ ತವರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನಲ್ಲಿ ಇಂದಿಗೂ ಅವರ ಹಾಡಿಗಳಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕಾಕನಕೋಟೆ’ ನಾಟಕ ಮತ್ತು ಅದನ್ನಾಧರಿಸಿ ಸಿ. ಆರ್. ಸಿಂಹ ಅವರು ನಿರ್ದೇಶಿಸಿದ 1977ರ ಚಲನಚಿತ್ರದಿಂದ ಈ ಹೆಸರು ನಾಡಿಗೆಲ್ಲ ಪರಿಚಿತವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾಡಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಆನೆಗಳಿಗಾಗಿ. ಮೈಸೂರಿನ ನೀರಾವರಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಕಾಡಾನೆಗಳ ಹಿಂಡನ್ನೇ ಸುತ್ತುವರಿದು ಸೆರೆಹಿಡಿಯುವ ಖೆಡ್ಡಾ ಕಾರ್ಯದಲ್ಲಿ ಯಶಸ್ವಿಯಾದನು. ಆತ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಕುತೂಹಲದ ವಿಷಯವಿದೆ. ಅದಕ್ಕೂ ಸುಮಾರು ನೂರು ವರ್ಷಗಳ ಹಿಂದೆ ಹೈದರಾಲಿಯು ಕಾಕನಕೋಟೆಯಲ್ಲಿ ಇದೇ ಪ್ರಯತ್ನ ಮಾಡಿ ಸೋತು, ಇನ್ನಾರೂ ಇದರಲ್ಲಿ ಗೆಲ್ಲಲಾರರೆಂದೂ, ಪ್ರಯತ್ನಿಸುವವರಿಗೆ ಶಾಪವಿರಲೆಂದೂ ಕಲ್ಲಿನಲ್ಲಿ ಬರೆಸಿದ್ದನಂತೆ. ಶಾಪಕ್ಕೆ ಯಾರೂ ಹೆದರಲಿಲ್ಲ. ಮುಂದೆ ಕಾಕನಕೋಟೆಯೇ ಮೈಸೂರು ಖೆಡ್ಡಾದ ಮುಖ್ಯ ರಂಗಸ್ಥಳವಾಯಿತು. ಬ್ರಿಟಿಷ್ ರಾಜಮನೆತನದವರೂ ವೈಸ್‌ರಾಯರೂ ಬಂದು ನೋಡುವ ವೈಭವವಾಯಿತು.

ಆ ವೈಭವದ ಕೆಳಗೆ ನಡೆಯುತ್ತಿದ್ದ ಕೆಲಸವನ್ನು ನೋಡೋಣ. ಹಿಂಡು ಎಲ್ಲಿದೆ, ಎಷ್ಟು ಆನೆಗಳಿವೆ, ಮರಿಗಳೆಷ್ಟು, ಯಾವ ದಾರಿಯಿಂದ ನೀರಿಗಿಳಿಯುತ್ತವೆ ಎಂಬುದನ್ನು ಮೊದಲೇ ಅರಿಯಬೇಕು. ಒಣಗಿದ ಎಲೆಯ ಮೇಲಿನ ಗುರುತು, ಮುರಿದ ಬಿದಿರು, ಲದ್ದಿಯ ಬಿಸಿ, ಇವುಗಳಿಂದ ಅದನ್ನು ಹೇಳಬಲ್ಲವರು ಕಾಡಿನಲ್ಲಿ ಹುಟ್ಟಿ ಬೆಳೆದವರೇ. ಬಳಿಕ ನೂರಾರು ಜನರು ತಮಟೆ ಬಡಿದು, ಪಂಜು ಹಿಡಿದು, ಬೊಬ್ಬಿಡುತ್ತ ಹಿಂಡನ್ನು ನದಿಯತ್ತ ಅಟ್ಟಬೇಕು. ಹೊಳೆ ದಾಟಿದ ಆನೆಗಳು ಭದ್ರವಾದ ಮರದ ಬೇಲಿಯೊಳಗೆ ನುಗ್ಗಿದೊಡನೆ ಬಾಗಿಲು ಬೀಳುತ್ತದೆ. ಆಮೇಲೆ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಹೊಕ್ಕು, ಒಂದೊಂದೇ ಆನೆಯನ್ನು ಹಗ್ಗದಿಂದ ಬಿಗಿಯುತ್ತಾರೆ. ಕಾಡುಕುರುಬರ ಕೌಶಲವಿಲ್ಲದೆ ಈ ಸರಣಿಯ ಮೊದಲ ಹೆಜ್ಜೆಯೇ ಸಾಧ್ಯವಿರಲಿಲ್ಲ.

ಹೀಗೆ ಒಂದು ಜನಾಂಗಕ್ಕೆ ಒಂದು ವರ್ಗವೂ ಅದಕ್ಕೆ ತಕ್ಕ ಬಲವೂ ನಿಗದಿಯಾದವು: ಹೆಜ್ಜೆ ಹಿಡಿಯುವವರು, ಜೇನು ಇಳಿಸುವವರು, ಆನೆ ಪಳಗಿಸುವವರು. 1909ರಲ್ಲಿ ಎಡ್ಗರ್ ಥರ್ಸ್ಟನ್ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ವಿವರವನ್ನು ಪ್ರಕಟಿಸಿದನು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಜಾತಿ ಬುಡಕಟ್ಟುಗಳ ನಾಲ್ಕು ಸಂಪುಟಗಳು 1928ರಿಂದ ಹೊರಬಂದವು. ಊರ ಕುರುಬರು ಬೇರೆ, ಕಾಡುಕುರುಬರು ಬೇರೆ, ಅವರಲ್ಲಿ ಜೇನುಕುರುಬರು ಬೇರೆ, ಬೆಟ್ಟಕುರುಬರು ಬೇರೆ ಎಂಬ ವಿಂಗಡಣೆ, ಪ್ರತಿಯೊಂದಕ್ಕೂ ಕಸುಬು, ಆಚಾರ, ಮದುವೆಯ ಕ್ರಮ. ವಿದ್ವತ್ತಿನ ದೃಷ್ಟಿಯಿಂದ ಅವು ಅಮೂಲ್ಯ ಗ್ರಂಥಗಳೇ. ಆದರೆ ಕಚೇರಿಯ ಮೇಜಿನ ಮೇಲೆ ಅವು ಬೇರೊಂದು ಕೆಲಸವನ್ನೂ ಮಾಡಿದವು. ಆಟದ ನಿಯಮಪುಸ್ತಕದಂತೆ, ಹೆಸರು ಹೇಳಿದೊಡನೆ ಈ ಮನುಷ್ಯನಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬ ಪಟ್ಟಿಯನ್ನು ಅವು ಮುಂದಿಟ್ಟವು.

ಘರ್ಷಣೆ ಇದ್ದದ್ದು ಇಲ್ಲಿ. ಹೆಜ್ಜೆ ಹಿಡಿಯುವ ವಿದ್ಯೆಯು ಆ ಜನರಿಗೆ ಬಂದದ್ದು ಆನೆಯೊಡನೆ ಒಂದೇ ಕಾಡಿನಲ್ಲಿ ಬಾಳುವುದಕ್ಕಾಗಿ. ಮುಂಜಾನೆ ಯಾವ ಕಾಲುದಾರಿ ಬಿಡಬೇಕು, ಮರಿಯಿರುವ ಹಿಂಡಿನಿಂದ ಎಷ್ಟು ದೂರವಿರಬೇಕು ಎಂಬ ನಿತ್ಯದ ಅಗತ್ಯದಿಂದ ತಲೆಮಾರುಗಳ ಕಾಲ ಬೆಳೆದ ಅರಿವು ಅದು. ತಮ್ಮ ದೈವಗಳೂ ಪೂರ್ವಜರೂ ಕಾಡಿನಲ್ಲಿಯೇ ನೆಲೆಸಿದ್ದಾರೆಂದು ನಂಬುವ ಜನ ಅವರು. ಅದೇ ಅರಿವನ್ನು ಸರ್ಕಾರವು ಹಿಂಡುಗಳನ್ನು ಖಾಲಿ ಮಾಡುವುದಕ್ಕೆ ಬಳಸಿಕೊಂಡಿತು. ಬಲವನ್ನು ಪಡೆದುಕೊಂಡವರು ಆ ಬಲದ ಹಿಂದಿನ ಬಾಳ್ವೆಯನ್ನು ಕೇಳಲಿಲ್ಲ.

ಮಾವುತನ ಮಗ

ಖೆಡ್ಡಾದ ನೆರಳಿನಲ್ಲಿಯೇ ಬೆಳೆದ ಒಬ್ಬ ಹುಡುಗನ ಕಥೆ ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕಬಿನಿ ತೀರದ ಕಾರಾಪುರದಲ್ಲಿ 1924ರ ಜನವರಿ 27ರಂದು ಮೈಸೂರು ಅರಸರ ಸೇವೆಯಲ್ಲಿದ್ದ ಮಾವುತನೊಬ್ಬನ ಮನೆಯಲ್ಲಿ ಸಾಬು ಹುಟ್ಟಿದ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಹುಡುಗ ಆನೆ ಲಾಯದಲ್ಲಿ ಬೆಳೆದ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರನಿರ್ದೇಶಕನು ರುಡ್ಯಾರ್ಡ್ ಕಿಪ್ಲಿಂಗನ ಆನೆಗಳ ಕಥೆಯೊಂದನ್ನು ಚಲನಚಿತ್ರವಾಗಿಸಲು ಮೈಸೂರಿಗೆ ಬಂದಾಗ, ಛಾಯಾಗ್ರಾಹಕನ ಕಣ್ಣು ಈ ಹನ್ನೊಂದರ ಬಾಲಕನ ಮೇಲೆ ಬಿದ್ದಿತು. ಕಿಪ್ಲಿಂಗನ ಆ ಕಥೆಯಲ್ಲಿ ಬರುವ ಖೆಡ್ಡಾ ಅಧಿಕಾರಿಯ ಪಾತ್ರಕ್ಕೆ ನಮ್ಮ ಸ್ಯಾಂಡರ್ಸನ್ನನೇ ಮಾದರಿಯೆಂದು ಹೇಳುತ್ತಾರೆ. ಹೀಗೆ ಮೈಸೂರಿನಿಂದ ಹೊರಟ ಚಿತ್ರವೊಂದು ಪುಸ್ತಕವಾಗಿ, ಕಥೆಯಾಗಿ, ಲೋಕವನ್ನು ಸುತ್ತಿ ಮರಳಿ ಮೈಸೂರಿನ ಹುಡುಗನನ್ನೇ ಹುಡುಕಿಕೊಂಡು ಬಂದಿತು.

ಅರಮನೆಯ ಐರಾವತ ಎಂಬ ಆನೆಯ ಜೊತೆ ಸಾಬು ನಟಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡು ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಚುರುಕಾದ ಬಾಲಚೋರನಾದ, 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿಯಾದ. ಲೋಕಕ್ಕೆ ಅವನ ವರ್ಗ ನಿಶ್ಚಿತವಾಯಿತು. ಕಾಡಿನ ಹುಡುಗ, ಬರಿಮೈ, ಪ್ರಾಣಿಗಳ ಭಾಷೆ ಬಲ್ಲವ.

ಆ ಹುಡುಗನೊಳಗಿದ್ದ ವ್ಯಕ್ತಿ ಬೇರೆ. 1944ರಲ್ಲಿ ಅಮೆರಿಕದ ಪೌರತ್ವ ಪಡೆದು ಅಲ್ಲಿಯ ಸೇನಾ ವಾಯುಪಡೆಗೆ ಸೇರಿದ. ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ಪೆಸಿಫಿಕ್ ಸಾಗರದ ಯುದ್ಧರಂಗದಲ್ಲಿ ಹತ್ತಾರು ಬಾರಿ ಹಾರಾಡಿದ. ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಆನೆಯ ಬೆನ್ನಿನಿಂದ ವಿಮಾನದವರೆಗಿನ ಆ ದಾರಿಯನ್ನು ಅವನಿಗಾಗಿ ಯಾವ ಕಥೆಗಾರನೂ ಬರೆದಿರಲಿಲ್ಲ, ಅವನೇ ನಡೆದ. ಯುದ್ಧ ಮುಗಿಸಿ ಮರಳಿದಾಗ ಚಿತ್ರರಂಗವು ಅವನಿಗೆ ಹಳೆಯ ಪಟ್ಟಿಯನ್ನೇ ಚಾಚಿತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಂಥ ಒಂದು ಗಣ್ಯ ಪಾತ್ರವನ್ನು ಬಿಟ್ಟರೆ, ಬಹುಪಾಲು ದೊರೆತದ್ದು ಅಗ್ಗದ ಕಾಡುಚಿತ್ರಗಳು. ಇಪ್ಪತ್ತೈದು ದಾಟಿದ, ಯುದ್ಧ ಕಂಡ ಗಂಡಸು ಇನ್ನೂ ಕಾಡಿನ ಹುಡುಗನಾಗಿಯೇ ಇರಬೇಕಾಗಿತ್ತು. ಮೆಹಬೂಬ್ ಖಾನರು ತಮ್ಮ ‘ಮದರ್ ಇಂಡಿಯಾ’ ಚಿತ್ರದ ಬಿರ್ಜುವಿನ ಪಾತ್ರಕ್ಕೆ ಅವನನ್ನು ಕರೆಸಲು ಯೋಚಿಸಿದ್ದರು. ಹುಟ್ಟಿದ ದೇಶದಲ್ಲಿ ಕೆಲಸ ಮಾಡಲು ಪರವಾನಗಿ ದೊರೆಯದೆ ಅದೂ ಕೈತಪ್ಪಿ, ಆ ಪಾತ್ರ ಸುನೀಲ್ ದತ್ತರ ಪಾಲಾಯಿತು. 1963ರ ಡಿಸೆಂಬರ್ 2ರಂದು ಸಾಬು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 39 ವರ್ಷ.

ಸಾಬುವಿಗೆ ವರ್ಗವು ಬಹಳಷ್ಟನ್ನು ಕೊಟ್ಟಿತೆಂಬುದನ್ನು ಮರೆಯಬಾರದು. ಆನೆಯೇರುವ ಬಲವಿರದಿದ್ದರೆ ಅವನಿಗೆ ಕಾರಾಪುರದಿಂದ ಆಚೆಯ ಬಾಗಿಲು ತೆರೆಯುತ್ತಿರಲಿಲ್ಲ. ತೆರೆದ ಬಾಗಿಲೇ ಆಮೇಲೆ ಗೋಡೆಯಾಯಿತು. ಕೊಟ್ಟದ್ದಕ್ಕೂ ಕಸಿದದ್ದಕ್ಕೂ ಕಾರಣ ಒಂದೇ: ಅವನಿಗೆ ಏನು ಬರುತ್ತದೆಂದು ಎಲ್ಲರೂ ಕೇಳಿದರು, ಅವನು ಯಾರೆಂದು ಕೇಳಿದವರು ಕಡಿಮೆ.

ಪಾತ್ರ ಮುಗಿದ ಮೇಲೆ

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರ ವೇಳೆಗೆ ಖೆಡ್ಡಾ ನಡೆಯುತ್ತಿದ್ದ ನದೀತೀರವನ್ನೇ ಕಬಿನಿಯ ಹಿನ್ನೀರು ಆವರಿಸಿತು. ಆನೆಗಳ ಮಟ್ಟಿಗೆ ಖೆಡ್ಡಾ ನಿಂತದ್ದು ಶುಭವೇ. ಇಂದು ಅದೇ ಹಿನ್ನೀರಿನ ದಡದಲ್ಲಿ ಬೇಸಿಗೆಯಲ್ಲಿ ಕೂಡುವ ಆನೆಗಳ ಹಿಂಡನ್ನು ನೋಡಲು ಪ್ರಪಂಚದ ನಾನಾ ಕಡೆಯಿಂದ ಜನ ಬರುತ್ತಾರೆ.

ಹೆಜ್ಜೆ ಹಿಡಿಯುತ್ತಿದ್ದವರ ಗತಿಯೇನು? ಒಂದು ಕಾಲಕ್ಕೆ ಬೇಕಾಗಿದ್ದ ಬಲವು ಮತ್ತೊಂದು ಕಾಲಕ್ಕೆ ಅಪರಾಧವಾಯಿತು. ಕಾಡಿನಲ್ಲಿ ಓಡಾಡುವುದು, ಜೇನು ಇಳಿಸುವುದು, ಗೆಡ್ಡೆ ಅಗೆಯುವುದು, ಇವೆಲ್ಲ ನಿರ್ಬಂಧಕ್ಕೊಳಗಾದವು. ನಾಗರಹೊಳೆಯು ಅಭಯಾರಣ್ಯದಿಂದ ರಾಷ್ಟ್ರೀಯ ಉದ್ಯಾನವಾಗುತ್ತ ಹೋದಂತೆ ಅನೇಕ ಹಾಡಿಗಳು ತೆರವಾದವು. ಹೈಕೋರ್ಟಿನ ಆದೇಶದಂತೆ ರಚನೆಯಾದ, ಪ್ರೊ. ಮುಜಫರ್ ಅಸ್ಸಾದಿಯವರ ಅಧ್ಯಕ್ಷತೆಯ ಸಮಿತಿಯು ತನ್ನ ವರದಿಯಲ್ಲಿ, ಹೀಗೆ ಹೊರಬಂದು ಪುನರ್ವಸತಿ ಕಾಣದ 3,418 ಕುಟುಂಬಗಳನ್ನು ಗುರುತಿಸಿತು. ನಿಯಮಪುಸ್ತಕದಲ್ಲಿ ವರ್ಗದ ಹೆಸರು ಉಳಿಯಿತು. ಅದರ ಬಲಗಳೆಲ್ಲ ಅಳಿಸಿಹೋದವು.

ಆನೆಗಳಲ್ಲಿಯೂ ಇಂಥ ಒಂದು ಬಾಳು ನಮ್ಮ ಕಣ್ಣೆದುರೇ ಮುಗಿಯಿತು. 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಸೆರೆಸಿಕ್ಕ ಅರ್ಜುನನನ್ನು ನಾಡು ಮರೆಯಲಾರದು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಬಳ್ಳೆ ಶಿಬಿರದಲ್ಲಿ ವಿಶ್ರಾಂತಿಯ ವಯಸ್ಸಿನಲ್ಲಿದ್ದ ಅರ್ಜುನನನ್ನು 2023ರಲ್ಲಿ ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಕರೆದೊಯ್ದರು. ಡಿಸೆಂಬರ್ 4ರಂದು ಒಂಟಿ ಸಲಗದೊಡನೆ ನಡೆದ ಕಾಳಗದಲ್ಲಿ ಅವನು ಸತ್ತ. ಕಾಡಿನಲ್ಲಿ ಹುಟ್ಟಿ, ಸೆರೆಯಾಗಿ, ತನ್ನಂಥವರನ್ನೇ ಸೆರೆಹಿಡಿಯುವ ಬಲ ಪಡೆದು, ಆ ಬಲವಿದೆಯೆಂಬ ಕಾರಣಕ್ಕೇ ಮುಪ್ಪಿನಲ್ಲಿಯೂ ಮುಂದಕ್ಕೆ ತಳ್ಳಿಸಿಕೊಂಡ ಜೀವ ಅದು. ನಾಡೆಲ್ಲ ಮರುಗಿತು. ಮರುಕವು ನ್ಯಾಯವೇ. ಅದರಲ್ಲಿ ಒಂದು ಪಾಲನ್ನು ಅವನ ಪಕ್ಕದಲ್ಲಿಯೇ ನಡೆಯುವ ಮಾವುತ, ಕಾವಾಡಿಗಳ ಕುಟುಂಬಗಳಿಗೂ ಮೀಸಲಿಡಬೇಕಲ್ಲವೇ?

ಆಡುವವರು ಕಂಡುಕೊಂಡ ದಾರಿಗಳು

ಆ ಆಟದ ಮೇಜಿಗೆ ಮತ್ತೆ ಮರಳೋಣ. ವರ್ಗದ ಬಲವು ತಮ್ಮ ಪಾತ್ರದ ಸ್ವಭಾವಕ್ಕೆ ಒಗ್ಗದಾಗ ಆಡುವವರು ಮೂರು ದಾರಿಗಳನ್ನು ಕಂಡುಕೊಂಡಿದ್ದಾರೆ.

ಮೊದಲನೆಯದು, ಬಲವಿದ್ದರೂ ಅದನ್ನು ಬಳಸದಿರುವುದು. ಪವಿತ್ರ ಗ್ರಂಥದ ದಾವೀದನು ಇದಕ್ಕೆ ನಿದರ್ಶನ. ಗೊಲ್ಯಾತನೆದುರು ಹೊರಟ ಕುರಿಗಾಹಿ ಹುಡುಗನಿಗೆ ಅರಸನಾದ ಸೌಲನು ತನ್ನ ಕವಚವನ್ನು ತೊಡಿಸಿ, ತಲೆಗೆ ಶಿರಸ್ತ್ರಾಣ ಇಟ್ಟು ಯೋಧನ ವರ್ಗಕ್ಕೆ ಸೇರಿಸಲೆತ್ನಿಸಿದ. ದಾವೀದನು ಅದನ್ನು ತೊಟ್ಟು ನಡೆದು ನೋಡಿ, ತನಗೆ ರೂಢಿಯಿಲ್ಲವೆಂದು ಕಳಚಿಟ್ಟು, ಹಳ್ಳದಿಂದ ಐದು ನುಣುಪಾದ ಕಲ್ಲುಗಳನ್ನು ಆರಿಸಿಕೊಂಡ. ಅರಸನು ಪ್ರೀತಿಯಿಂದ ಕೊಟ್ಟದ್ದನ್ನೂ ಬೇಡವೆನ್ನುವ ಧೈರ್ಯ ಅವನಿಗಿತ್ತು. ಕಳಚಲು ಬಿಡುವ ವಿವೇಕ ಸೌಲನಿಗೂ ಇತ್ತೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಎರಡನೆಯದು, ಅದೇ ಬಲಕ್ಕೆ ಹೊಸ ಅರ್ಥ ಕೊಡುವುದು. ಹೊಡೆಯುವ ಬಲವನ್ನು ಆ ಹುಡುಗಿಯು ತನ್ನ ಸನ್ಯಾಸಿಗೆ ತಡೆಯುವ, ಕಾಪಾಡುವ ಬಲವನ್ನಾಗಿ ವರ್ಣಿಸಬಹುದು. ಕಾಕನಕೋಟೆಯ ಸೀಮೆಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆದಿದೆ. ಹಿಂಡನ್ನು ಬೇಲಿಯೊಳಗೆ ಅಟ್ಟಲು ಬಳಕೆಯಾದ ಅರಿವು ಇಂದು ಶಿಬಿರದ ಆನೆಗಳ ಆರೈಕೆಯಲ್ಲಿ, ಕಾಡಿನ ಕಾವಲಿನಲ್ಲಿ ಬಳಕೆಯಾಗುತ್ತಿದೆ. ರಾಜ್ಯದ ಆನೆ ಶಿಬಿರಗಳ ಮಾವುತರಲ್ಲಿ, ಕಾವಾಡಿಗಳಲ್ಲಿ ಜೇನುಕುರುಬರು ಬಹಳ ಮಂದಿ. ದಸರೆಯ ಕಾಲದಲ್ಲಿ ಅವರ ಕುಟುಂಬಗಳು ಮೈಸೂರು ಅರಮನೆಯ ಆವರಣದಲ್ಲಿ ಬಿಡಾರ ಹೂಡಿರುವಾಗ ಮಕ್ಕಳಿಗಾಗಿ ತಾತ್ಕಾಲಿಕ ಶಾಲೆಯೊಂದು ನಡೆಯುತ್ತದೆ. ಆ ಮಕ್ಕಳಲ್ಲಿ ಒಬ್ಬಳು ವೈದ್ಯೆಯಾಗಬೇಕೆಂದರೆ, ಮಾವುತನ ಮಗಳಿಗೆ ಅದೇಕೆ ಎನ್ನದಿರೋಣ. ಮಾವುತನಾಗಬೇಕೆಂದು ಬಯಸಿದ ಹುಡುಗನಿಗೂ, ಇನ್ನೂ ಅದೇ ಕೆಲಸವೇ ಎಂದು ಮೂಗು ಮುರಿಯದಿರೋಣ. ಎರಡರಲ್ಲಿಯೂ ತಪ್ಪು ಒಂದೇ.

ಮೂರನೆಯದು, ನಿಯಮವನ್ನೇ ತಿದ್ದುವುದು. ಆಟದಲ್ಲಿ ಇದು ಆಗಿದೆ. ಧರ್ಮಗುರುವಿಗೆ ಹರಿತವಾದ ಆಯುಧ ಸಲ್ಲದೆಂಬ ನಿಯಮವನ್ನು 2000ನೇ ಇಸವಿಯ ಆವೃತ್ತಿ ಕೈಬಿಟ್ಟಿತು. ಧರ್ಮವೀರನ ಸ್ವಭಾವ ಹೀಗೆಯೇ ಇರಬೇಕೆಂಬ ಕಟ್ಟಳೆಯನ್ನು 2008ರ ಆವೃತ್ತಿ ಸಡಿಲಿಸಿತು. ನಮ್ಮ ನಾಡಿನಲ್ಲಿಯೂ ನಿಯಮ ತಿದ್ದುವ ಯತ್ನ ನಡೆಯಿತು. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನಲ್ಲಿ ಬಾಳಿದವರಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ಒಪ್ಪಿಕೊಂಡು, ಸಾಗುವಳಿಯ, ಕಿರು ಅರಣ್ಯ ಉತ್ಪನ್ನದ, ಸಮುದಾಯದ ಹಕ್ಕುಗಳನ್ನು ಗುರುತಿಸಿತು. ಗ್ರಾಮಸಭೆಗೆ ಮಾತಿನ ಅಧಿಕಾರ ಕೊಟ್ಟಿತು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಎರಡು ಬುಡಕಟ್ಟುಗಳೆಂದರೆ ಜೇನುಕುರುಬರು ಮತ್ತು ಕೊರಗರು. ಕಾಗದದ ಮೇಲಿನ ಹಕ್ಕು ಹಾಡಿಯ ಬಾಗಿಲಿಗೆ ಬರುವ ದಾರಿ ಎಷ್ಟು ನಿಧಾನವೆಂಬುದನ್ನು ಹೆಗ್ಗಡದೇವನಕೋಟೆಯ, ಹುಣಸೂರಿನ ಜನರಿಗೆ ಹೇಳಿಕೊಡಬೇಕಾಗಿಲ್ಲ.

ಈ ಮೂರು ದಾರಿಗಳಿಗೂ ಮೊದಲು ಒಂದು ಕೆಲಸವಿದೆ. ಒಳ್ಳೆಯ ನಿರ್ವಾಹಕನು ಆಟ ಶುರುವಾಗುವ ಮುನ್ನ ಎಲ್ಲರನ್ನೂ ಕೂರಿಸಿಕೊಂಡು, ನಿನ್ನ ಪಾತ್ರ ಯಾರು, ಅವನಿಗೆ ಏನು ಬೇಕು ಎಂದು ಕೇಳುತ್ತಾನೆ. ವರ್ಗ, ಬಲ, ಆಯುಧಗಳ ಮಾತು ಆಮೇಲೆ. ಕಾಕನಕೋಟೆಯ ನೂರು ವರ್ಷಗಳ ಇತಿಹಾಸದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಖೆಡ್ಡಾ ಆರಂಭಿಸಿದಾಗಲೂ ಕೇಳಲಿಲ್ಲ, ನಿಲ್ಲಿಸಿದಾಗಲೂ ಕೇಳಲಿಲ್ಲ. ಅಣೆಕಟ್ಟು ಕಟ್ಟುವಾಗಲೂ ಉದ್ಯಾನದ ಗಡಿ ಬರೆಯುವಾಗಲೂ ಆ ಜನರು ಮೇಜಿನ ಸುತ್ತ ಇರಲಿಲ್ಲ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಇಂಥ ಪಟ್ಟಿಗಳು ಇಲ್ಲದಿಲ್ಲ. ಇವನು ಲೆಕ್ಕದಲ್ಲಿ ಜಾಣ, ಎಂಜಿನಿಯರೇ ಆಗಬೇಕು. ಇವಳ ದನಿ ಇಂಪು, ಗಾಯನವೃಂದಕ್ಕೇ ಸರಿ. ಅವನು ಇಂಥವರ ಮಗ, ಇಷ್ಟೇ ಅವನ ಯೋಗ್ಯತೆ. ಪಟ್ಟಿಯಲ್ಲಿರುವುದು ಸುಳ್ಳೆಂದಲ್ಲ, ಸಾಬು ನಿಜಕ್ಕೂ ಆನೆಯೇರಬಲ್ಲವನಾಗಿದ್ದ, ಕಾಡುಕುರುಬರು ನಿಜಕ್ಕೂ ಹೆಜ್ಜೆ ಹಿಡಿಯಬಲ್ಲವರಾಗಿದ್ದರು. ಆ ಬಲವು ಯಾವ ಬಾಳಿನಿಂದ ಬಂದಿತು, ಅದನ್ನು ಹೊತ್ತವರು ಅದರಿಂದ ಏನು ಮಾಡಬಯಸುತ್ತಾರೆ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ಶಾಲೆ ಮುಗಿಸಿದ ಮಕ್ಕಳ ಮುಂದಿನ ದಾರಿಯನ್ನು ಗೊತ್ತುಮಾಡುವ ದಿನಗಳಲ್ಲಿ ಪ್ರತಿ ಮನೆಯಲ್ಲಿಯೂ ಒಂದು ಸಂಜೆ ಈ ಪ್ರಶ್ನೆಗಾಗಿ ಮೀಸಲಾಗಲಿ. ಕಾಡಂಚಿನ ಹಾಡಿಗಳಿಗಾಗಿ ಯೋಜನೆ ರೂಪಿಸುವವರೂ, ಅಲ್ಲಿ ಸೇವೆಗೆಂದು ಹೋಗುವ ನಾವೂ ಮೊದಲು ಅವರ ಮಾತಿಗೆ ಕಿವಿಗೊಡೋಣ.